ಆಸಿಡ್‌ನಲ್ಲಿ ಕುದಿಸಿದ ನ್ಯಾನೋಟ್ಯೂಬ್ ಎಪಾಕ್ಸಿಗೆ ಬಲ ಕೊಡುತ್ತಿಲ್ಲ, ಪಾಲಿಮರ್ ಗ್ರಾಫ್ಟ್ ಮಾಡಿದರೆ ಸರಿಹೋಗುತ್ತಾ?

ಹೇಮಾವತಿ_ತೀರ:

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಓದಿ ಈಗ ಮೆಟೀರಿಯಲ್ಸ್‌ನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ಪ್ರಾಜೆಕ್ಟು ಎಪಾಕ್ಸಿ (ಹಾರ್ಡನರ್ ಹಾಕಿದರೆ ಗಟ್ಟಿಯಾಗುವ ರೆಸಿನ್) ಮತ್ತು ಮಲ್ಟಿವಾಲ್ ಕಾರ್ಬನ್ ನ್ಯಾನೋಟ್ಯೂಬ್ (ಒಂದರೊಳಗೊಂದು ಹಲವು ಗೋಡೆಗಳಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ). ಟ್ಯೂಬನ್ನು ಹಾಗೇ ಹಾಕಿದರೆ ರೆಸಿನ್‌ನಲ್ಲಿ ಬೆರೆಯುವುದಿಲ್ಲ ಎಂದು ಎಲ್ಲ ಪೇಪರ್‌ಗಳೂ ಹೇಳುತ್ತವೆ. ಅದಕ್ಕೆ ಮೂರು ಪಾಲು ಸಲ್ಫ್ಯೂರಿಕ್, ಒಂದು ಪಾಲು ನೈಟ್ರಿಕ್ ಆಸಿಡ್‌ನಲ್ಲಿ ರಿಫ್ಲಕ್ಸ್ ಮಾಡಿ (ಆವಿ ಮತ್ತೆ ಇಳಿಯುವ ಹಾಗೆ ಕುದಿಸಿ), ಪಿಎಚ್ 7 ಬರುವ ತನಕ ತೊಳೆದು, ಒಣಗಿಸಿ, ಅಸಿಟೋನ್‌ನಲ್ಲಿ ಸೋನಿಕೇಟ್ ಮಾಡಿ (ಅಲ್ಟ್ರಾಸೌಂಡ್ ಅಲೆಯಿಂದ ಕದಡಿ) ರೆಸಿನ್‌ಗೆ ಸೇರಿಸಿದೆ. ತೂಕದ ಲೆಕ್ಕದಲ್ಲಿ 0.5 ಪರ್ಸೆಂಟ್. ಎಫ್‌ಟಿಐಆರ್‌ನಲ್ಲಿ (ಯಾವ ರಾಸಾಯನಿಕ ಗುಂಪು ಇದೆ ಎಂದು ಇನ್‌ಫ್ರಾರೆಡ್‌ನಿಂದ ನೋಡುವ ಪರೀಕ್ಷೆ) 1715ರ ಹತ್ತಿರ, ಆಸಿಡ್‌ನಿಂದ ಬರುವ ಕಾರ್ಬಾಕ್ಸಿಲ್ ಗುಂಪಿನ ಪೀಕ್ ಚೆನ್ನಾಗಿ ಕಾಣುತ್ತದೆ. ಆದರೆ ಟೆನ್ಸೈಲ್ ಟೆಸ್ಟ್‌ನಲ್ಲಿ ಬಲ ಬರೀ ಎಪಾಕ್ಸಿಗಿಂತ ಕಡಿಮೆ! ಮಾಡ್ಯುಲಸ್ (ಎಳೆದಾಗ ಹಿಗ್ಗದ ಬಿಗುವು) ಸ್ವಲ್ಪ ಜಾಸ್ತಿ, ಅಷ್ಟೇ.

ಟ್ಯೂಬಿನ ಮೈಮೇಲೆ ಪಾಲಿಮರ್ ಸರಪಳಿಯನ್ನೇ ಗ್ರಾಫ್ಟ್ ಮಾಡಿ (ರಾಸಾಯನಿಕವಾಗಿ ಕಟ್ಟಿ) ನೋಡು, ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ತರದ್ದು, ಎಂದು ಗೈಡ್ ಹೇಳುತ್ತಾರೆ. ಗ್ರಾಫ್ಟಿಂಗ್ ಟು, ಗ್ರಾಫ್ಟಿಂಗ್ ಫ್ರಮ್ ಅಂತ ಎರಡು ದಾರಿ ಇದೆಯಂತೆ. ನನ್ನ ಕೆಮಿಸ್ಟ್ರಿ ಪಿಯುಸಿ ಮಟ್ಟದ್ದು. ಯಾವ ದಾರಿ ಹಿಡಿಯಲಿ? ಅಥವಾ ತೊಂದರೆ ಬೇರೆ ಎಲ್ಲೋ ಇದೆಯಾ?

ಸುಮ್ನೆ_ಓದುಗ:

ನನ್ನ ಪ್ರಾಜೆಕ್ಟಿನದೂ ಇದೇ ಕಥೆ. ಉತ್ತರಕ್ಕೆ ಕಾಯುತ್ತೇನೆ.

ಪೀಣ್ಯ_ರೆಸಿನ್:

ಗ್ರಾಫ್ಟಿಂಗ್ ಆಮೇಲೆ ನೋಡೋಣ. ಅಸಿಟೋನ್ ಪೂರ್ತಿ ಹೋಗಿದೆ ಅಂತ ಹೇಗೆ ಗೊತ್ತಾಯಿತು? ನಮ್ಮ ಶೆಡ್‌ನಲ್ಲಿ ದಿನಾ ಎಪಾಕ್ಸಿಯದೇ ಕೆಲಸ. ಸ್ವಲ್ಪ ಸಾಲ್ವೆಂಟ್ ಉಳಿದರೂ ಕ್ಯೂರ್ ಆದ ಮಾಲು ಮೆತ್ತಗಾಗುತ್ತದೆ, ಟಿಜಿ (ಮೆತ್ತಗಾಗಲು ಶುರುವಾಗುವ ಉಷ್ಣತೆ) ಇಳಿಯುತ್ತದೆ, ಬಿಸಿ ಮಾಡುವಾಗ ಗುಳ್ಳೆ ಬೇರೆ. ಖಾಲಿ ಬೀಕರ್, ರೆಸಿನ್, ಟ್ಯೂಬ್ ಇವುಗಳ ತೂಕ ಬರೆದಿಟ್ಟುಕೊಳ್ಳಿ. ಅಸಿಟೋನ್ ಓಡಿಸಿದ ಮೇಲೆ ಮತ್ತೆ ತೂಗಿ. ಲೆಕ್ಕ ಕೂಡಿಬರುವ ತನಕ ಬಿಸಿ ಮಾಡಿ ವ್ಯಾಕ್ಯೂಮ್‌ನಲ್ಲೇ ಇಡಬೇಕು. ಸುಮ್ನೆ ರಾತ್ರಿಯಿಡೀ ಓವನ್‌ನಲ್ಲಿಟ್ಟೆ ಅಂದರೆ ಸಾಲದು.

ಇನ್ನೊಂದು, ಹೋಲಿಕೆಗೆ ಇಟ್ಟ ಬರೀ ಎಪಾಕ್ಸಿಗೂ ಅಸಿಟೋನ್ ಹಾಕಿ ತೆಗೆದಿದ್ದೀರಾ? ಇಲ್ಲದಿದ್ದರೆ ನೀವು ಟ್ಯೂಬನ್ನು ಅಳೆಯುತ್ತಿಲ್ಲ, ಅಸಿಟೋನ್ ಅನ್ನು ಅಳೆಯುತ್ತಿದ್ದೀರಿ. ಮುರಿದ ಮೈಯ ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ಏನು ಕಾಣುತ್ತದೆ ಹೇಳಿ.

ಹೇಮಾವತಿ_ತೀರ:

ಸರ್, ಬರೀ ಎಪಾಕ್ಸಿಗೆ ಅಸಿಟೋನ್ ಹಾಕಿಲ್ಲ. ಎಸ್‌ಇಎಂನಲ್ಲಿ ಅಲ್ಲಲ್ಲಿ ಉಂಡೆಗಳಿವೆ, ದೊಡ್ಡವು 20–30 ಮೈಕ್ರಾನ್. ಉಂಡೆಯ ನಡುವೆ ಟ್ಯೂಬ್‌ಗಳು ಬರಿಮೈಯಲ್ಲಿ ಕಾಣುತ್ತವೆ, ರೆಸಿನ್ ಒಳಗೆ ಇಳಿದೇ ಇಲ್ಲ. ಬಿರುಕಿನ ಗೆರೆಗಳು ಆ ಉಂಡೆಯಿಂದಲೇ ಹೊರಟ ಹಾಗಿವೆ.

ಪೀಣ್ಯ_ರೆಸಿನ್:

ಸಿಕ್ಕಿತಲ್ಲ. ಮುದ್ದೆ ತೊಳಸುವಾಗ ಗಂಟು ಉಳಿದರೆ ಒಳಗೆ ಒಣ ಹಿಟ್ಟು ಇರುತ್ತದಲ್ವಾ, ಇದೂ ಹಾಗೇ. ಬಿರುಕು ಶುರುವಾಗಲು ಅಂಥ ಒಂದು ಉಂಡೆ ಸಾಕು.

ತ್ರೀ ರೋಲ್ ಮಿಲ್ ಎಲ್ಲಾದರೂ ಸಿಗುತ್ತಾ ನೋಡಿ. ಪ್ರಿಂಟಿಂಗ್ ಇಂಕ್, ಪೇಂಟ್ ಮಾಡುವವರ ಹತ್ತಿರ ಇರುತ್ತದೆ. ಮೂರು ರೋಲ್ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವಿನ ಸಂದು ಮೈಕ್ರಾನ್ ಲೆಕ್ಕದಲ್ಲಿ, ಕೊನೆಯ ಪಾಸ್‌ಗೆ 5 ಮೈಕ್ರಾನ್ ತನಕ ಇಳಿಸಬಹುದು. ರೆಸಿನ್‌ನಲ್ಲೇ ನೇರ ಅರೆಯುತ್ತೀರಿ, ಸಾಲ್ವೆಂಟ್ ರಗಳೆಯೇ ಇಲ್ಲ. ಹಾಂಬುರ್ಗ್-ಹಾರ್ಬುರ್ಗ್ ತಾಂತ್ರಿಕ ವಿಶ್ವವಿದ್ಯಾಲಯದವರು 2004–05ರ ಹೊತ್ತಿಗೇ ಎಪಾಕ್ಸಿಗೆ ಇದನ್ನು ಮಾಡಿ ತೋರಿಸಿದ್ದಾರೆ.

ಧಾರವಾಡದ_ಮೇಷ್ಟ್ರು:

ಪೀಣ್ಯದವರು ಹೇಳಿದ್ದು ಸರಿ, ಆದರೆ ಅರ್ಧ. ಅರೆದರೆ ಗಂಟು ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡದ ಹಾಗೆ ಯಾರು ತಡೆಯುತ್ತಾರೆ? ರೆಸಿನ್ ಬಿಸಿಯಾಗಿ ತೆಳುವಾದಾಗ ಟ್ಯೂಬ್‌ಗಳು ಮತ್ತೆ ಅಂಟಿಕೊಳ್ಳುತ್ತವೆ. ವಾನ್ ಡರ್ ವಾಲ್ಸ್ ಸೆಳೆತ ಸಣ್ಣದೇ, ಆದರೆ ಟ್ಯೂಬ್ ಉದ್ದಕ್ಕೂ ಇರುವುದರಿಂದ ಒಟ್ಟು ದೊಡ್ಡದು. ಅಲ್ಲಿ ಕೆಮಿಸ್ಟ್ರಿ ಬೇಕು.

ತಂಗಿ, ನಿನಗೆ ಎರಡು ದಾರಿ ಬಿಡಿಸಿ ಹೇಳುತ್ತೇನೆ. ಗ್ರಾಫ್ಟಿಂಗ್ ಟು ಅಂದರೆ ಮೊದಲೇ ತಯಾರಾದ ಪಾಲಿಮರ್ ತಂದು ಅದರ ತುದಿಯನ್ನು ಟ್ಯೂಬಿಗೆ ಕಟ್ಟುವುದು. ಪಾಲಿಮರ್‌ನ ಉದ್ದ, ತೂಕ ಎಲ್ಲ ಮೊದಲೇ ಗೊತ್ತಿರುತ್ತದೆ, ಅದು ಲಾಭ. ನಷ್ಟ ಏನೆಂದರೆ ಮೊದಲು ಬಂದು ಕೂತ ಸರಪಳಿಗಳು ಸುರುಳಿಯಾಗಿ ಜಾಗ ಹಿಡಿದು ಹಿಂದೆ ಬರುವವನ್ನು ಹತ್ತಿರ ಸೇರಿಸುವುದಿಲ್ಲ, ಹಾಗಾಗಿ ಒಟ್ಟು ಕೂರುವುದು ಕಡಿಮೆ. ಗ್ರಾಫ್ಟಿಂಗ್ ಫ್ರಮ್ ಅಂದರೆ ಟ್ಯೂಬಿನ ಮೈಮೇಲೆ ಇನಿಷಿಯೇಟರ್ (ಸರಪಳಿ ಬೆಳೆಯಲು ಶುರುಮಾಡುವ ಗುಂಪು) ಕೂರಿಸಿ ಅಲ್ಲಿಂದಲೇ ಪಾಲಿಮರ್ ಬೆಳೆಸುವುದು. ಬರುವುದು ಪುಟ್ಟ ಮಾನೋಮರ್ (ಸರಪಳಿಯ ಒಂದೊಂದು ಕೊಂಡಿ) ಆದ್ದರಿಂದ ಸಂದಿಗೊಂದಿಗೂ ನುಗ್ಗುತ್ತದೆ, ದಟ್ಟವಾಗಿ ಬೆಳೆಯುತ್ತದೆ.

2004ರಲ್ಲಿ ಶಾಂಘೈ ಜಿಯಾವೊ ತುಂಗ್ ವಿಶ್ವವಿದ್ಯಾಲಯದ ತಂಡ ಇದನ್ನು ಎಟಿಆರ್‌ಪಿ ವಿಧಾನದಲ್ಲಿ (ತಾಮ್ರದ ಕ್ಯಾಟಲಿಸ್ಟ್‌ನಿಂದ ಸರಪಳಿಯನ್ನು ಹಿಡಿತದಲ್ಲಿ ಬೆಳೆಸುವುದು) ಮಾಡಿ ತೋರಿಸಿತು. ಆಸಿಡ್ ಟ್ಯೂಬಿನ ಕಾರ್ಬಾಕ್ಸಿಲ್‌ಗೆ ಥಯೋನಿಲ್ ಕ್ಲೋರೈಡ್, ಆಮೇಲೆ ಎಥಿಲೀನ್ ಗ್ಲೈಕಾಲ್, ಅದರ ತುದಿಗೆ ಬ್ರೋಮಿನ್ ಇರುವ ಇನಿಷಿಯೇಟರ್, ಕೊನೆಗೆ ಕಾಪರ್ ಬ್ರೋಮೈಡ್ ಕ್ಯಾಟಲಿಸ್ಟ್ ಜೊತೆ ಎಂಎಂಎ, ಅಂದರೆ ಪಿಎಂಎಂಎಯ ಮಾನೋಮರ್. ಮಾನೋಮರ್ ಎಷ್ಟು ಹಾಕಿದರು ಅನ್ನುವುದರ ಮೇಲೆ ಟ್ಯೂಬಿನ ಸುತ್ತ ಪಾಲಿಮರ್ ಪದರ ಎಷ್ಟು ದಪ್ಪ ಅನ್ನುವುದನ್ನೇ ಹಿಡಿತದಲ್ಲಿಟ್ಟರು. ಟಿಇಎಂ (ವಸ್ತುವನ್ನು ತೂರಿ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ನಡುವೆ ಟ್ಯೂಬ್, ಸುತ್ತ ಪಾಲಿಮರ್ ಪದರ ಸ್ಪಷ್ಟವಾಗಿ ಕಾಣುತ್ತದೆ. ನೋಡಿದರೆ ಖುಷಿಯಾಗುತ್ತದೆ.

ನನ್ನ ಸಲಹೆ ಗ್ರಾಫ್ಟಿಂಗ್ ಫ್ರಮ್.

ಎಲ್ಬೆ_ದಂಡೆ:

ಮೇಷ್ಟ್ರೇ, ನಮಸ್ಕಾರ. ನಾನು ಡ್ರೆಸ್ಡೆನ್‌ನಲ್ಲಿ ಪಾಲಿಮರ್ ಕೆಲಸದಲ್ಲಿದ್ದೇನೆ, ಊರು ದಾವಣಗೆರೆ. ನಿಮ್ಮ ಮಾತಿಗೆ ಒಂದು ದೊಡ್ಡ ಆಕ್ಷೇಪ ಇದೆ, ಬೇಸರ ಮಾಡಿಕೊಳ್ಳಬೇಡಿ.

ನೀವು ಹೇಳಿದ ಸರಣಿಯ ಮೊದಲ ಮೆಟ್ಟಿಲೇ ಆಸಿಡ್. ಆ ಕಾರ್ಬಾಕ್ಸಿಲ್ ನಿಜವಾಗಿ ಎಲ್ಲಿ ಕೂತಿದೆ? ಟ್ಯೂಬಿನ ಗೋಡೆಯ ಮೇಲೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ 2007ರಲ್ಲಿ ಮಲ್ಟಿವಾಲ್ ಟ್ಯೂಬ್‌ಗಳ ಮೇಲೆ ಇದನ್ನು ಪರೀಕ್ಷಿಸಿತು. ಬಿಸಿ ಆಸಿಡ್ ಗೋಡೆಯನ್ನು ತಿಂದಾಗ ಆಕ್ಸಿಡೈಸ್ ಆದ ಇಂಗಾಲದ ಚೂರುಗಳು ಹುಟ್ಟುತ್ತವೆ, ಅವು ಟ್ಯೂಬಿನ ಮೈಗೇ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದರೆ ಹೋಗುತ್ತವೆ. ಸಿಂಗಲ್‌ವಾಲ್ ಟ್ಯೂಬ್‌ನಲ್ಲೂ ಅದೇ ವರ್ಷ ಬೇರೆ ತಂಡ ಇದನ್ನೇ ಕಂಡಿತು.

ಈಗ ಯೋಚಿಸಿ. ಎಫ್‌ಟಿಐಆರ್ ಪೀಕ್‌ನಲ್ಲಿ ದೊಡ್ಡ ಪಾಲು ಆ ಚೂರುಗಳದ್ದಾಗಿದ್ದರೆ, ನೀವು ಕಷ್ಟಪಟ್ಟು ಬೆಳೆಸಿದ ಪಿಎಂಎಂಎ ಕೂಡ ಚೂರಿನ ಮೇಲೆಯೇ ಬೆಳೆದಿರುತ್ತದೆ. ಚೂರು ಟ್ಯೂಬಿಗೆ ಬರೀ ಅಂಟಿಕೊಂಡಿದೆ. ಎಳೆದಾಗ ಅದೇ ಜಾರುತ್ತದೆ, ಬಲ ಟ್ಯೂಬಿಗೆ ತಲುಪುವುದೇ ಇಲ್ಲ. ಟಿಇಎಂನಲ್ಲಿ ಪದರ ಚಂದ ಕಾಣುತ್ತದೆ, ಟಿಜಿಎಯಲ್ಲಿ (ಕಾಯಿಸುತ್ತಾ ತೂಕ ಇಳಿಯುವುದನ್ನು ಅಳೆಯುವ ಪರೀಕ್ಷೆ) ತೂಕ ಚಂದ ಬರುತ್ತದೆ, ಕಾಂಪೊಸಿಟ್ ಮಾತ್ರ ಹಾಗೇ ಇರುತ್ತದೆ. ಗ್ರಾಫ್ಟಿಂಗ್ ಟು ಇರಲಿ ಫ್ರಮ್ ಇರಲಿ, ಬುಡ ಗಟ್ಟಿಯಿಲ್ಲದೆ ಏನು ಕಟ್ಟಿದರೂ ದಂಡ.

ಧಾರವಾಡದ_ಮೇಷ್ಟ್ರು:

ಬೇಸರ ಯಾಕೆ, ಚರ್ಚೆಗೇ ಬಂದಿದ್ದೇವೆ. ಚೂರಿನ ವಿಷಯ ಒಪ್ಪುತ್ತೇನೆ. ಆದರೆ ಅದು ಆಸಿಡ್‌ನ ದೋಷ, ಗ್ರಾಫ್ಟಿಂಗ್‌ನದಲ್ಲ. ಗೋಡೆಗೆ ನೇರ ಕೈಹಾಕುವ ಕೆಮಿಸ್ಟ್ರಿ ಇದೆ. 2001ರಿಂದ ಡಯಾಜೋನಿಯಂ ಇದೆ, ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ಗುಂಪಿನದು. ಇಟಲಿಯ ಮೌರಿಜಿಯೊ ಪ್ರಾಟೊ ಅವರ ಸೈಕ್ಲೋಅಡಿಷನ್ ಇದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2004ರಲ್ಲಿ ಬ್ಯುಟೈಲ್ ಲಿಥಿಯಂ ಬಳಸಿ ಟ್ಯೂಬಿನ ಗೋಡೆಗೆ ಕ್ಲೋರಿನೇಟೆಡ್ ಪಾಲಿಪ್ರೊಪಿಲೀನ್ ಕಟ್ಟಿದರು. ಗಾತ್ರದ ಲೆಕ್ಕದಲ್ಲಿ ಒಂದು ಪರ್ಸೆಂಟೂ ಇಲ್ಲದ ಟ್ಯೂಬಿಗೆ ಮಾಡ್ಯುಲಸ್ ಸುಮಾರು ಮೂರು ಪಟ್ಟು ಏರಿತು. ಇದಕ್ಕೆ ಏನು ಹೇಳುತ್ತೀರಿ?

ಲೆಕ್ಕಾಚಾರ:

ಆ ಮೂರು ಪಟ್ಟು ನಿಜ. ಆದರೆ ಮ್ಯಾಟ್ರಿಕ್ಸ್ (ಟ್ಯೂಬ್ ಬೆರೆಸಿದ ಪ್ಲಾಸ್ಟಿಕ್) ಯಾವುದು ನೋಡಿ. ಆ ಪ್ಲಾಸ್ಟಿಕ್ ಮೆತ್ತಗಿನದು, ಮಾಡ್ಯುಲಸ್ ಒಂದು ಗಿಗಾಪಾಸ್ಕಲ್‌ಗಿಂತ ಬಹಳ ಕೆಳಗೆ. ಮೆತ್ತಗಿನದಕ್ಕೆ ಏನು ಸೇರಿಸಿದರೂ ಪಟ್ಟು ದೊಡ್ಡದಾಗಿ ಕಾಣುತ್ತದೆ. ಎಪಾಕ್ಸಿ ಸುಮಾರು 3 ಗಿಗಾಪಾಸ್ಕಲ್.

ಲೆಕ್ಕ ಮಾಡೋಣ. ತೂಕದಲ್ಲಿ 0.5 ಪರ್ಸೆಂಟ್ ಅಂದರೆ, ಟ್ಯೂಬಿನ ಸಾಂದ್ರತೆ 1.9, ಎಪಾಕ್ಸಿ 1.2 ಹಿಡಿದರೆ ಗಾತ್ರದಲ್ಲಿ ಸುಮಾರು 0.3 ಪರ್ಸೆಂಟ್. ಒಳ್ಳೇ ಟ್ಯೂಬಿನ ಮಾಡ್ಯುಲಸ್ ಒಂದು ಟೆರಾಪಾಸ್ಕಲ್ ಅಂದರೆ 1000 ಗಿಗಾಪಾಸ್ಕಲ್. ಎಲ್ಲ ಟ್ಯೂಬೂ ಒಂದೇ ದಿಕ್ಕಿಗೆ ನೆಟ್ಟಗೆ ನಿಂತು, ಒಂದೂ ಜಾರದೆ ಇದ್ದರೆ ಸೇರುವುದು 3 ಗಿಗಾಪಾಸ್ಕಲ್. ದಿಕ್ಕಾಪಾಲಾಗಿ ಬಿದ್ದಿದ್ದರೆ ಅದರ ಐದನೇ ಒಂದು ಪಾಲು, 0.6. ಅಂದರೆ ಅತ್ಯುತ್ತಮ ಸ್ಥಿತಿಯಲ್ಲೂ 20 ಪರ್ಸೆಂಟ್. ಸಿವಿಡಿ ವಿಧಾನದ (ಅನಿಲದಿಂದ ಬೆಳೆಸಿದ) ಅಗ್ಗದ ಮಲ್ಟಿವಾಲ್ ಟ್ಯೂಬು ವಕ್ರ, ದೋಷ ಜಾಸ್ತಿ, ಅದರ ಮಾಡ್ಯುಲಸ್ ಇದರ ಹತ್ತಿರವೂ ಬರುವುದಿಲ್ಲ. ಹಾಗಾಗಿ ಕೆಲವು ಪರ್ಸೆಂಟ್ ಏರಿದರೆ ಅದೇ ನ್ಯಾಯವಾದ ಫಲಿತಾಂಶ. 0.5 ಪರ್ಸೆಂಟ್ ಹಾಕಿ ಎಪಾಕ್ಸಿಯ ಮಾಡ್ಯುಲಸ್ ಒಂದೂವರೆ ಪಟ್ಟಾಯಿತು ಎನ್ನುವ ಪೇಪರ್ ಕಂಡರೆ, ಮೊದಲು ಅವರ ಬರೀ ಎಪಾಕ್ಸಿಯ ಸಂಖ್ಯೆ ಎಷ್ಟಿದೆ ನೋಡಿ. ಅದೇ ಕಮ್ಮಿ ಇರುತ್ತದೆ.

ಸುಮ್ನೆ_ಓದುಗ:

ಈ ಲೆಕ್ಕ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಎಷ್ಟು ಪರ್ಸೆಂಟ್ ನಿರೀಕ್ಷಿಸಬೇಕು ಅಂತ ಯಾವ ಪೇಪರ್‌ನಲ್ಲೂ ಬರೆಯುವುದಿಲ್ಲ.

ಎಲ್ಬೆ_ದಂಡೆ:

ಲೆಕ್ಕಾಚಾರ ಅವರಿಗೆ ಪೂರ್ತಿ ಸಹಮತ. ಒಂದು ಸೇರಿಸುತ್ತೇನೆ. ಮಲ್ಟಿವಾಲ್ ಟ್ಯೂಬಿನಲ್ಲಿ ನೀವು ಏನೇ ಕಟ್ಟಿದರೂ ಹೊರಗಿನ ಗೋಡೆಗೆ ಮಾತ್ರ. ಒಳಗಿನ ಗೋಡೆಗಳು ಒಂದರೊಳಗೊಂದು ಸಡಿಲವಾಗಿವೆ. 2000ದಲ್ಲಿ ಒಂಟಿ ಮಲ್ಟಿವಾಲ್ ಟ್ಯೂಬ್‌ಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಒಳಗೇ ಎಳೆದು ನೋಡಿದರು. ಹೊರಗಿನ ಪದರದ ಬಲ 11ರಿಂದ 63 ಗಿಗಾಪಾಸ್ಕಲ್. ಅದು ಹರಿಯಿತು, ಒಳಗಿನವು ಸುಮ್ನೆ ಜಾರಿ ಹೊರಬಂದವು. ಟ್ಯೂಬಿನ ತೂಕಕ್ಕೆಲ್ಲ ದುಡ್ಡು ಕೊಡುತ್ತೀರಿ, ಭಾರ ಹೊರುವುದು ಹೊರಗಿನ ಒಂದೇ ಗೋಡೆ.

ಆಸಿಡ್‌ನಲ್ಲಿ ಜಾಸ್ತಿ ಕುದಿಸಿದರೆ ಹಾಳಾಗುವುದೂ ಅದೇ ಗೋಡೆ. ಎಷ್ಟು ಬಂಧ ಬೇಕು ಎನ್ನುವುದಕ್ಕೆ 2002ರಲ್ಲಿ ಬಂದ ಕಂಪ್ಯೂಟರ್ ಸಿಮ್ಯುಲೇಷನ್ ಒಂದಿದೆ. ಟ್ಯೂಬಿನ ಕಾರ್ಬನ್ ಪರಮಾಣುಗಳಲ್ಲಿ ಒಂದು ಪರ್ಸೆಂಟಿಗಿಂತ ಕಡಿಮೆ ಪಾಲಿಮರ್‌ಗೆ ಕೂಡಿದ್ದರೂ ಜಾರುವುದನ್ನು ತಡೆಯುವ ಬಲ ಹತ್ತು ಪಟ್ಟಿಗೂ ಹೆಚ್ಚು ಏರುತ್ತದೆ ಎಂದು ಅದು ತೋರಿಸಿತು. ಅಷ್ಟು ಸಾಕು. ನಾವು ಮಾಡುತ್ತಿರುವುದು ಟ್ಯೂಬನ್ನು ಕೊರೆದು ತೂತು ಮಾಡುವುದು.

ಮಲ್ಪೆ_ಫೈಬರ್:

ನಾನು ಫೈಬರ್ ದೋಣಿ ಕೆಲಸದವನು, ಎಲ್ಲ ಅರ್ಥ ಆಗಲಿಲ್ಲ. ಒಂದೇ ಪ್ರಶ್ನೆ. ನಾವು ಬಳಸುವುದು ಪಾಲಿಯೆಸ್ಟರ್ ರೆಸಿನ್, ಗ್ಲಾಸ್ ಮ್ಯಾಟ್. ಇದಕ್ಕೆ ಟ್ಯೂಬ್ ಹಾಕಿದರೆ ದೋಣಿ ಗಟ್ಟಿ ಆಗುತ್ತದಾ? ಮಾರಾಟಗಾರರೊಬ್ಬರು ಬಂದು ತುಂಬ ಹೇಳಿ ಹೋದರು.

ಪೀಣ್ಯ_ರೆಸಿನ್:

ಅಣ್ಣಾ, ಬೇಡ. ದೋಣಿಯ ಬಲ ಬರುವುದು ಗ್ಲಾಸ್ ಎಷ್ಟಿದೆ, ಹೇಗೆ ಹಾಸಿದ್ದೀರಿ, ರೋಲರ್‌ನಲ್ಲಿ ಗಾಳಿ ಎಷ್ಟು ತೆಗೆದಿದ್ದೀರಿ ಎನ್ನುವುದರಿಂದ. ಟ್ಯೂಬ್ ಹಾಕಿದರೆ ರೆಸಿನ್ ಮಂದವಾಗುತ್ತದೆ, ಮ್ಯಾಟ್ ಒಳಗೆ ಸರಿಯಾಗಿ ಇಳಿಯುವುದಿಲ್ಲ, ಗುಳ್ಳೆ ಉಳಿಯುತ್ತದೆ. ಇರುವ ಬಲವೂ ಹೋಗುತ್ತದೆ. ಆ ದುಡ್ಡಿಗೆ ಒಳ್ಳೇ ವಿನೈಲ್ ಎಸ್ಟರ್ ರೆಸಿನ್ ತನ್ನಿ, ಉಪ್ಪುನೀರಿಗೆ ತಡೆಯುತ್ತದೆ.

ಎಲ್ಬೆ_ದಂಡೆ:

ಒಂದು ಅಪವಾದ. ವಿಮಾನದ ಕಾರ್ಬನ್ ಫೈಬರ್ ಲ್ಯಾಮಿನೇಟ್‌ನಲ್ಲಿ ಪದರ ಬಿಟ್ಟುಕೊಳ್ಳುವುದು ದೊಡ್ಡ ತೊಂದರೆ. ಪದರ ಪದರದ ನಡುವೆ ಬರೀ ರೆಸಿನ್ ಇರುತ್ತದೆ. ಅಲ್ಲಿ ಟ್ಯೂಬ್ ಇದ್ದರೆ ಬಿರುಕಿಗೆ ಅಡ್ಡ ನಿಲ್ಲುತ್ತದೆ, ಎಳೆದು ಹೊರಬರುವಾಗ ಶಕ್ತಿ ತಿನ್ನುತ್ತದೆ. ಅಂದರೆ ಎಪಾಕ್ಸಿಯಲ್ಲಿ ಟ್ಯೂಬಿನ ಲಾಭ ಹುಡುಕಬೇಕಾದದ್ದು ಟೆನ್ಸೈಲ್ ಬಲದಲ್ಲಿ ಅಲ್ಲ, ಫ್ರ್ಯಾಕ್ಚರ್ ಟಫ್‌ನೆಸ್‌ನಲ್ಲಿ (ಬಿರುಕು ಹಬ್ಬದಂತೆ ತಡೆಯುವ ಗುಣ). ಹೇಮಾವತಿ ಅವರೇ, ಸಾಧ್ಯ ಇದ್ದರೆ ನಾಚ್ (ಮೊದಲೇ ಕೊಯ್ದ ಸಣ್ಣ ಸೀಳು) ಹಾಕಿದ ಸ್ಯಾಂಪಲ್ ಕೂಡ ಪರೀಕ್ಷೆ ಮಾಡಿ.

ಶಿಲ್ಪಾ_ಶಿವಮೊಗ್ಗ:

ವಿಷಯಾಂತರ ಆದರೂ ಕೇಳುತ್ತೇನೆ. ಡಮಾಸ್ಕಸ್ ಕತ್ತಿಯಲ್ಲಿ ನ್ಯಾನೋಟ್ಯೂಬ್ ಸಿಕ್ಕಿತ್ತು, ಆ ಉಕ್ಕು ದಕ್ಷಿಣ ಭಾರತದಿಂದ ಹೋದದ್ದು ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ನಿಜವಾ?

ಎಲ್ಬೆ_ದಂಡೆ:

ನಿಜ, ಆ ಕೆಲಸ ನಾನಿರುವ ಊರಿನಲ್ಲೇ ನಡೆದದ್ದು. ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಪಾಫ್ಲರ್ ಅವರ ತಂಡ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಹದಿನೇಳನೇ ಶತಮಾನದ ಒಂದು ಕತ್ತಿಯ ಚೂರನ್ನು ಆಸಿಡ್‌ನಲ್ಲಿ ಕರಗಿಸಿದಾಗ ಟ್ಯೂಬುಗಳು ಕಂಡವು. ಅಂಥ ಕತ್ತಿಗಳಿಗೆ ಬೇಕಾದ ವೂಟ್ಜ್ ಉಕ್ಕು ನಮ್ಮ ಕಡೆಯಿಂದ ಹೋಗುತ್ತಿತ್ತು ಎನ್ನುವುದೂ ಸರಿ. 2020ರಲ್ಲಿ ತಮಿಳುನಾಡಿನ ಕೀಳಡಿಯ ಹಳೇ ಮಡಕೆ ಚೂರುಗಳ ಕಪ್ಪು ಲೇಪದಲ್ಲೂ ಕಂಡಿವೆ. ಆದರೆ ಅವರು ತಿಳಿದು ಮಾಡಿದ್ದಲ್ಲ. ಕುಲುಮೆಯ ಕಾವು, ಇಂಗಾಲ, ಲೋಹದ ಕಣ ಕೂಡಿದಾಗ ಅದಾಗೇ ಬೆಳೆದದ್ದು. ಕಮ್ಮಾರರ ಕೈಚಳಕಕ್ಕೆ ನ್ಯಾನೋಟ್ಯೂಬ್‌ನ ಸರ್ಟಿಫಿಕೇಟ್ ಬೇಕಾಗಿಲ್ಲ.

ಧಾರವಾಡದ_ಮೇಷ್ಟ್ರು:

ನಮ್ಮವರ ಕೆಲಸ ಹೇಳುವುದಾದರೆ ಈ ಕಾಲದ್ದೇ ಬೇಕಾದಷ್ಟಿದೆ. ಎಪಾಕ್ಸಿಯಲ್ಲಿ ನ್ಯಾನೋಟ್ಯೂಬ್ ಹಾಕಿ ತೆಳ್ಳಗೆ ಕೊಯ್ದರೆ ಟ್ಯೂಬ್‌ಗಳು ಒಂದೇ ದಿಕ್ಕಿಗೆ ಮಲಗುತ್ತವೆ ಎಂದು 1994ರಲ್ಲಿ ತೋರಿಸಿದವರು ಪುಳಿಕ್ಕಲ್ ಅಜಯನ್, ಬನಾರಸ್‌ನಲ್ಲಿ ಓದಿದವರು. ಪಾಲಿಮರ್ ಜೊತೆ ನ್ಯಾನೋಟ್ಯೂಬ್ ಕೂಡಿಸಿದ ಮೊದಮೊದಲ ಕೆಲಸ ಅದು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಫೆರೋಸೀನ್ ತರದ ಸಂಯುಕ್ತಗಳನ್ನು ಕಾಯಿಸಿ ಟ್ಯೂಬ್ ಬೆಳೆಸಿತು. ಐಐಎಸ್‌ಸಿಯ ಅಜಯ್ ಸೂದ್ ಅವರ ತಂಡ 2003ರಲ್ಲಿ, ಟ್ಯೂಬಿನ ಮೇಲೆ ದ್ರವ ಹರಿದರೆ ವೋಲ್ಟೇಜ್ ಬರುತ್ತದೆ ಎಂದು ತೋರಿಸಿತು.

ಹೇಮಾವತಿ_ತೀರ:

ಎಲ್ಲರಿಗೂ ಧನ್ಯವಾದ. ಎಲ್ಬೆ ಸರ್ ಹೇಳಿದ ಹಾಗೆ ಉಳಿದಿದ್ದ ಆಸಿಡ್ ಟ್ಯೂಬನ್ನು ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಹಾಕಿ, ಮೆಂಬ್ರೇನ್‌ನಲ್ಲಿ ಸೋಸಿದೆ. ಕೆಳಗೆ ಇಳಿದ ನೀರು ಗಾಢ ಕಂದು! ಮೊದಲು ಬರೀ ನೀರಿನಲ್ಲಿ ತೊಳೆದಾಗ ಕೊನೆಗೆ ತಿಳಿನೀರೇ ಬಂದಿತ್ತು, ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಕಂದು ಬಣ್ಣ ಹೋಗುವ ತನಕ ತೊಳೆದು ಎಫ್‌ಟಿಐಆರ್ ತೆಗೆದರೆ 1715ರ ಪೀಕ್ ಇಲ್ಲವೇ ಇಲ್ಲ. ಹಾಗಾದರೆ ನನ್ನ ಟ್ಯೂಬ್ ಮೇಲೆ ಒಂದೂ ಕಾರ್ಬಾಕ್ಸಿಲ್ ಇಲ್ಲವಾ?

ಎಲ್ಬೆ_ದಂಡೆ:

ಗಾಬರಿ ಬೇಡ. ಕ್ಷಾರದಲ್ಲಿ ತೊಳೆದಾಗ ಉಳಿದ ಕಾರ್ಬಾಕ್ಸಿಲ್ ಸೋಡಿಯಂ ಉಪ್ಪಾಗಿರುತ್ತದೆ, ಪೀಕ್ ಕೆಳಕ್ಕೆ ಸರಿದು ಟ್ಯೂಬಿನದೇ ಪೀಕ್ ಜೊತೆ ಸೇರಿಹೋಗುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಮ್ಮೆ ತೊಳೆದು, ನೀರಿನಲ್ಲಿ ತೊಳೆದು, ಒಣಗಿಸಿ ಮತ್ತೆ ತೆಗೆಯಿರಿ. ಸಣ್ಣ ಪೀಕ್ ವಾಪಸ್ ಬರಬೇಕು. ಅಷ್ಟೇ ನಿಮ್ಮ ನಿಜವಾದ ಬಂಡವಾಳ. ಆ ಕಂದು ನೀರನ್ನು ಸ್ವಲ್ಪ ಎತ್ತಿಡಿ, ಥೀಸಿಸ್‌ನಲ್ಲಿ ಫೋಟೋ ಹಾಕಬಹುದು.

ಧಾರವಾಡದ_ಮೇಷ್ಟ್ರು:

ಒಳ್ಳೇ ಕೆಲಸ ಮಾಡಿದೆ ತಂಗಿ. ಇನ್ನು ಗ್ರಾಫ್ಟಿಂಗ್ ಮಾಡುವಾಗ ಎರಡು ಮಾತು ನೆನಪಿಡು. ಒಂದು, ಟ್ಯೂಬಿಗೆ ಕಟ್ಟಿದ ಪಾಲಿಮರ್ ಯಾವುದು, ಸುಮ್ನೆ ಸುತ್ತಿಕೊಂಡದ್ದು ಯಾವುದು ಎಂದು ಬೇರೆ ಮಾಡಲೇಬೇಕು. ಅದಕ್ಕೆ ಇನಿಷಿಯೇಟರ್ ಇಲ್ಲದ ಟ್ಯೂಬಿಗೂ ಅದೇ ಪಾಲಿಮರ್ ಬೆರೆಸಿ, ಅದೇ ರೀತಿ ಟಿಎಚ್‌ಎಫ್ ಸಾಲ್ವೆಂಟ್‌ನಲ್ಲಿ ತೊಳೆದು ಸೆಂಟ್ರಿಫ್ಯೂಜ್ ಮಾಡಿ, ಎರಡರ ಟಿಜಿಎ ಹೋಲಿಸು. ಎರಡು, ಟಿಜಿಎ ನೈಟ್ರೋಜನ್‌ನಲ್ಲಿ ಮಾಡಿಸು. ಪಿಎಂಎಂಎ 300ರಿಂದ 400 ಡಿಗ್ರಿಯೊಳಗೆ ಹೋಗುತ್ತದೆ, ಟ್ಯೂಬ್ ಹಾಗೇ ಉಳಿಯುತ್ತದೆ. ಗಾಳಿಯಲ್ಲಿ ಮಾಡಿಸಿದರೆ ಟ್ಯೂಬೂ ಸುಟ್ಟು ಲೆಕ್ಕ ಗೊಂದಲ. ಕಾರ್ಬಾಕ್ಸಿಲ್ ಟ್ಯೂಬ್ ಒಂದನ್ನೇ ಕಾಯಿಸಿದರೂ ಸ್ವಲ್ಪ ತೂಕ ಇಳಿಯುತ್ತದೆ, ಅದನ್ನು ಕಳೆಯುವುದು ಮರೆಯಬೇಡ.

ಅನಾಮಧೇಯ_ಪಿಎಚ್‌ಡಿ:

ಮೇಷ್ಟ್ರೇ, ಮೆಕ್ಯಾನಿಕಲ್ ಲ್ಯಾಬ್‌ನಲ್ಲಿ ಎಟಿಆರ್‌ಪಿ ಮಾಡು ಅಂದರೆ ಪಾಪ ಎಲ್ಲಿ ಮಾಡುತ್ತಾರೆ? ಆಮ್ಲಜನಕ ತಾಗಿದರೆ ರಿಯಾಕ್ಷನ್ ನಿಂತುಹೋಗುತ್ತದೆ. ಶ್ಲೆಂಕ್ ಲೈನ್ (ಗಾಳಿ ತಾಗದಂತೆ ರಿಯಾಕ್ಷನ್ ಮಾಡುವ ಗಾಜಿನ ಸಲಕರಣೆ) ಬೇಕು, ದ್ರವ ನೈಟ್ರೋಜನ್ ಬೇಕು, ಕೊನೆಗೆ ತಾಮ್ರ ತೆಗೆಯುವ ಕೆಲಸ. ಇನ್ನೂ ಮುಖ್ಯವಾದ ಮಾತು, ಎಪಾಕ್ಸಿಗೆ ಪಿಎಂಎಂಎ ಯಾಕೆ? ಅದು ರೆಸಿನ್‌ನಲ್ಲಿ ಬೆರೆಯುತ್ತದೆ ಸರಿ. ಆದರೆ ಗಟ್ಟಿಯಾಗುವಾಗ ಕೆಲವು ಹಾರ್ಡನರ್ ಜೊತೆ ಬೇರ್ಪಡುತ್ತದೆ, ಎಪಾಕ್ಸಿ ಜಾಲದ ಜೊತೆ ಬಂಧವನ್ನೂ ಮಾಡುವುದಿಲ್ಲ.

ಎಪಾಕ್ಸಿ ಜೊತೆ ರಿಯಾಕ್ಟ್ ಆಗುವ ಪಾಲಿಮರ್ ಆರಿಸಿ. ಜೆಫಮೀನ್ ಅಂತ ಪಾಲಿಈಥರ್ ಅಮೀನ್ ಸಿಗುತ್ತದೆ, ಅದನ್ನು ಎಪಾಕ್ಸಿಗೆ ಹಾರ್ಡನರ್ ಆಗಿಯೇ ಮಾರುತ್ತಾರೆ. ಅದರ ಒಂದು ತುದಿ ಟ್ಯೂಬಿನ ಕಾರ್ಬಾಕ್ಸಿಲ್‌ಗೆ ಅಮೈಡ್ ಆಗಿ ಕೂರುತ್ತದೆ, ಇನ್ನೊಂದು ತುದಿಯ ಅಮೀನ್ ಎಪಾಕ್ಸಿ ಉಂಗುರವನ್ನು ತೆರೆದು ಕೂಡಿಕೊಳ್ಳುತ್ತದೆ. ಜೆಫಮೀನ್ ಜಾಸ್ತಿ ಹಾಕಿ, ಇಲ್ಲದಿದ್ದರೆ ಎರಡು ತುದಿಯೂ ಟ್ಯೂಬಿಗೇ ಕೂತು ಟ್ಯೂಬ್‌ಗಳು ಪರಸ್ಪರ ಕಟ್ಟಿಕೊಳ್ಳುತ್ತವೆ. ಉಳಿದದ್ದನ್ನು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಹಾರ್ಡನರ್ ಪ್ರಮಾಣ ಏರುಪೇರಾಗುತ್ತದೆ. ಗ್ರಾಫ್ಟಿಂಗ್ ಟು ಆದ್ದರಿಂದ ಕೂರುವುದು ಕಡಿಮೆ, ಆದರೆ ಒಂದು ಪರ್ಸೆಂಟ್ ಸಾಕು ಅಂತ ಮೇಲೇ ಮಾತಾಯಿತಲ್ಲ.

ಧಾರವಾಡದ_ಮೇಷ್ಟ್ರು:

ಜೆಫಮೀನ್ ಒಳ್ಳೇ ಸಲಹೆ, ಈ ಲ್ಯಾಬ್‌ಗೆ ಅದೇ ಸರಿ. ಆದರೆ ಎಟಿಆರ್‌ಪಿಯನ್ನು ಬದಿಗೆ ತಳ್ಳಬೇಡಿ. ಪಿಎಂಎಂಎ ಬದಲು ಗ್ಲೈಸಿಡಿಲ್ ಮೆಥಾಕ್ರಿಲೇಟ್ ಬೆಳೆಸಿದರೆ ಸರಪಳಿಯ ಉದ್ದಕ್ಕೂ ಎಪಾಕ್ಸಿ ಉಂಗುರಗಳೇ ಇರುತ್ತವೆ, ಹಾರ್ಡನರ್ ಬಂದು ಅವನ್ನೂ ಜಾಲಕ್ಕೆ ಹೆಣೆಯುತ್ತದೆ. ಅಸ್ಕಾರ್ಬಿಕ್ ಆಸಿಡ್ ಬಳಸಿ ತಾಮ್ರವನ್ನು ಕಡಿಮೆ ಮಾಡುವ, ಸ್ವಲ್ಪ ಆಮ್ಲಜನಕ ತಡೆಯುವ ಎಟಿಆರ್‌ಪಿ ವಿಧಾನಗಳೂ ಬಂದಿವೆ.

ಬ್ಯಾಟರಿ_ಬೆಂಗಳೂರು:

ಎಲ್ಲರೂ ಬಲ ಬಲ ಅಂತಿದ್ದೀರಿ. ಇವತ್ತು ನ್ಯಾನೋಟ್ಯೂಬ್ ಟನ್‌ಗಟ್ಟಲೆ ಹೋಗುತ್ತಿರುವುದು ಲಿಥಿಯಂ ಬ್ಯಾಟರಿಗೆ, ಕರೆಂಟ್ ಹರಿಸುವುದಕ್ಕೆ. ಅಲ್ಲಿ ಯಾರೂ ಗೋಡೆಗೆ ಏನನ್ನೂ ಕಟ್ಟುವುದಿಲ್ಲ. ಎನ್‌ಎಂಪಿ ಸಾಲ್ವೆಂಟ್‌ನಲ್ಲಿ ಪಿವಿಪಿ ತರದ ಪಾಲಿಮರ್ ಹಾಕಿ ಅರೆಯುತ್ತಾರೆ, ಅದು ಟ್ಯೂಬಿಗೆ ಸುತ್ತಿಕೊಂಡು ಬೇರೆ ಬೇರೆ ಇಡುತ್ತದೆ, ಮುಗಿಯಿತು. ಗೋಡೆಗೆ ಬಂಧ ಹಾಕಿದರೆ ಅಲ್ಲಿನ ಎಲೆಕ್ಟ್ರಾನ್ ದಾರಿ ಮುರಿಯುತ್ತದೆ, ಕಂಡಕ್ಟಿವಿಟಿ ಬೀಳುತ್ತದೆ.

ಎಲ್ಬೆ_ದಂಡೆ:

ಅದಕ್ಕೇ ನಾನು ಯಾವಾಗಲೂ ಕೇಳುವುದು, ನಿಮಗೆ ಬೇಕಾದದ್ದು ಬಲವಾ, ಕರೆಂಟಾ? ಎಪಾಕ್ಸಿಯಲ್ಲಿ ತೂಕದ 0.0025 ಪರ್ಸೆಂಟ್ ಟ್ಯೂಬಿಗೇ ವಿದ್ಯುತ್ ಜಾಲ ಹುಟ್ಟಿದ್ದನ್ನು 2003ರಲ್ಲಿ ತೋರಿಸಿದ್ದಾರೆ, ಏನೂ ಗ್ರಾಫ್ಟ್ ಮಾಡದ ಟ್ಯೂಬಿನಿಂದ. ಅಲ್ಲಿ ಟ್ಯೂಬ್‌ಗಳು ಒಂದನ್ನೊಂದು ಮುಟ್ಟಬೇಕು, ಸ್ವಲ್ಪ ಗುಂಪುಗೂಡಿದರೇ ಒಳ್ಳೆಯದು. ಬಲಕ್ಕೆ ತದ್ವಿರುದ್ಧ, ಒಂದೊಂದೂ ಬೇರೆಯಾಗಿ ರೆಸಿನ್ ಹಿಡಿದಿರಬೇಕು. ಟ್ಯೂಬಿನ ಮೇಲೆ ದಪ್ಪ ಪಾಲಿಮರ್ ಪದರ ಬೆಳೆಸಿದರೆ ಅದು ಇನ್ಸುಲೇಟರ್ ಆಗುತ್ತದೆ. ಎರಡೂ ಒಂದೇ ಸ್ಯಾಂಪಲ್‌ನಲ್ಲಿ ಬೇಕು ಎಂದು ಬರೆಯುವ ಪ್ರಾಜೆಕ್ಟ್ ಪ್ರಪೋಸಲ್‌ಗಳನ್ನು ನೋಡಿದರೆ ಬೇಜಾರಾಗುತ್ತದೆ, ಏಕೆಂದರೆ ಕೊನೆಗೆ ಪೆಟ್ಟು ತಿನ್ನುವವರು ವಿದ್ಯಾರ್ಥಿಗಳು.

ಪೀಣ್ಯ_ರೆಸಿನ್:

ಬಲದ ಆಸೆಗೆ ದೊಡ್ಡ ಕಂಪನಿಗಳೇ ಇಳಿದಿದ್ದವು. ಬಾಯರ್ 2010ರಲ್ಲಿ ಲೆವರ್‌ಕೂಸೆನ್‌ನಲ್ಲಿ ವರ್ಷಕ್ಕೆ 200 ಟನ್‌ನ ನ್ಯಾನೋಟ್ಯೂಬ್ ಘಟಕ ಶುರು ಮಾಡಿತು, 2013ರಲ್ಲಿ ಈ ಕೆಲಸವನ್ನೇ ನಿಲ್ಲಿಸಿತು. ಟ್ಯೂಬ್ ಮಾಡಲು ಬರುತ್ತಿರಲಿಲ್ಲ ಅಂತಲ್ಲ. ಕೊಳ್ಳುವವರ ಮಾಲಿನಲ್ಲಿ ಅದು ಎಲ್ಲಿ ಕೂರಬೇಕು ಅನ್ನುವುದು ಬಗೆಹರಿದಿರಲಿಲ್ಲ.

ಅನಾಮಧೇಯ_ಪಿಎಚ್‌ಡಿ:

ಸೋನಿಕೇಟರ್ ಬಗ್ಗೆ ಯಾರೂ ಹೇಳಲಿಲ್ಲ. ಪ್ರೋಬ್ ಹಾಕಿ ಗಂಟೆಗಟ್ಟಲೆ ಬಿಟ್ಟರೆ ಟ್ಯೂಬ್ ತುಂಡಾಗುತ್ತದೆ. ಟೈಟಾನಿಯಂ ತುದಿ ಸವೆದು ಸ್ಯಾಂಪಲ್‌ಗೆ ಬೀಳುತ್ತದೆ. ಐಸ್ ಬಾತ್‌ನಲ್ಲಿಟ್ಟು ಬಿಟ್ಟು ಬಿಟ್ಟು ಮಾಡಿ. ಟ್ಯೂಬ್ ಎಷ್ಟು ಹಾಳಾಗಿದೆ ಎಂದು ತಿಳಿಯಲು ರಾಮನ್ ಪರೀಕ್ಷೆಯಲ್ಲಿ 1350ರ ಡಿ ಪೀಕು (ದೋಷದ್ದು), 1580ರ ಜಿ ಪೀಕು (ಸರಿಯಿರುವ ಗೋಡೆಯದ್ದು), ಎರಡರ ಅನುಪಾತ ನೋಡುತ್ತಾರೆ. ಆದರೆ ಅಗ್ಗದ ಮಲ್ಟಿವಾಲ್ ಟ್ಯೂಬಿನಲ್ಲಿ ಅದು ಮೊದಲೇ ಜಾಸ್ತಿ ಇರುತ್ತದೆ, ಸಣ್ಣ ಬದಲಾವಣೆಯಿಂದ ಗ್ರಾಫ್ಟಿಂಗ್ ಆಯಿತು ಅಂತ ತೀರ್ಮಾನ ಮಾಡಬೇಡಿ.

ಲ್ಯಾಬ್_ಜಾಗ್ರತೆ:

ಇಷ್ಟೊಂದು ಮಾತಾಯಿತು, ಮಾಸ್ಕ್ ಅನ್ನುವ ಪದ ಒಮ್ಮೆಯೂ ಬರಲಿಲ್ಲ. ಒಣ ಟ್ಯೂಬ್ ಪುಡಿಯನ್ನು ಫ್ಯಾನ್ ಕೆಳಗೆ ತೂಗುವುದನ್ನು ಕಣ್ಣಾರೆ ನೋಡಿದ್ದೇನೆ. ಉದ್ದನೆಯ, ಗಡುಸಾದ ಮಲ್ಟಿವಾಲ್ ಟ್ಯೂಬ್ ಇಲಿಗಳ ಹೊಟ್ಟೆಯ ಪೊರೆಯಲ್ಲಿ ಆಸ್ಬೆಸ್ಟಾಸ್ ತರ ಉರಿಯೂತ ತರುತ್ತದೆ ಎಂದು 2008ರಲ್ಲೇ ಗೊತ್ತಾಗಿದೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಎಂಡಬ್ಲ್ಯುಸಿಎನ್‌ಟಿ-7 ಎನ್ನುವ ಒಂದು ಬಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ 2ಬಿ ಗುಂಪಿಗೆ ಸೇರಿಸಿತು. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ನಿಯಾಶ್ 2013ರಲ್ಲಿ ಸೂಚಿಸಿದ ಮಿತಿ, ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ಬಟ್ಟೆ ಮಾಸ್ಕ್ ಸಾಲದು. ಪುಡಿಯನ್ನು ಹುಡ್ (ಗಾಳಿ ಹೊರಗೆಳೆಯುವ ಲ್ಯಾಬ್ ಕಪಾಟು) ಒಳಗೇ ಸಾಲ್ವೆಂಟ್‌ನಲ್ಲಿ ತೋಯಿಸಿ ಆಮೇಲೆ ಹೊರತೆಗೆಯಿರಿ. ಟೆಸ್ಟ್ ಪೀಸ್ ಕತ್ತರಿಸುವಾಗ, ಉಜ್ಜುವಾಗ ನೀರು ಹಾಕಿ.

ಹೇಮಾವತಿ_ತೀರ:

ಮೇಡಂ, ಮುಖ್ಯ ಮಾತು ಹೇಳಿದಿರಿ. ನಾವು ಸರ್ಜಿಕಲ್ ಮಾಸ್ಕ್ ಹಾಕುತ್ತಿದ್ದೆವು, ಎನ್95 ತರಿಸುತ್ತೇನೆ. ಮುಂದಿನ ಬ್ಯಾಚ್ ಹೀಗೆ ಅಂದುಕೊಂಡಿದ್ದೇನೆ: ಆಸಿಡ್ ಕಡಿಮೆ ಹೊತ್ತು, ಕ್ಷಾರದಲ್ಲಿ ತೊಳೆಯುವುದು, ಜೆಫಮೀನ್, ಮಿಲ್‌ನಲ್ಲಿ ಅರೆಯುವುದು, ಜೊತೆಗೆ ನಾಚ್ ಟೆಸ್ಟ್. ಇನ್ನೊಂದು ಸಣ್ಣ ಪ್ರಶ್ನೆ. ಉಳಿದ ಆಸಿಡ್ ಮಿಶ್ರಣ ಎರಡು ಬಾಟಲಿಯಲ್ಲಿದೆ. ಗಾಜಿನ ಸಾಮಾನನ್ನು ಅಸಿಟೋನ್‌ನಲ್ಲಿ ತೊಳೆದು ಆ ಅಸಿಟೋನ್ ಅನ್ನೂ ಅದಕ್ಕೇ ಹಾಕಬಹುದಾ?

ಲ್ಯಾಬ್_ಜಾಗ್ರತೆ:

ಬೇಡವೇ ಬೇಡ! ನೈಟ್ರಿಕ್ ಆಸಿಡ್ ಜೊತೆ ಅಸಿಟೋನ್ ಸೇರಿದರೆ ಕಾವು ಏರಿ, ಅನಿಲ ಬಂದು ಬಾಟಲಿ ಸಿಡಿಯುತ್ತದೆ, ಬೆಂಕಿಯೂ ಹತ್ತುತ್ತದೆ. ಆಸಿಡ್ ಹಾಕಿದ ಗಾಜನ್ನು ಮೊದಲು ಬೇಕಾದಷ್ಟು ನೀರಿನಲ್ಲಿ ತೊಳೆಯಿರಿ, ಆಮೇಲೆ ಅಸಿಟೋನ್. ಎರಡರ ವೇಸ್ಟೂ ಬೇರೆ ಬೇರೆ ಬಾಟಲಿ, ಬೇರೆ ಬೇರೆ ಕಪಾಟು. ಈಗಿರುವ ಬಾಟಲಿಗಳ ಮುಚ್ಚಳ ಬಿಗಿಯಾಗಿದೆಯಾ? ಬಿಗಿಯಾಗಿದ್ದರೆ ನೀವಾಗಿ ತೆರೆಯಲು ಹೋಗಬೇಡಿ. ಲ್ಯಾಬ್ ಇನ್‌ಚಾರ್ಜ್ ಕರೆಯಿರಿ, ಮುಖಕ್ಕೆ ಶೀಲ್ಡ್ ಹಾಕಿ ಹುಡ್ ಒಳಗೇ ಸಡಿಲಿಸಲಿ, ಗಾಳಿ ಹೋಗಲು ತೂತಿರುವ ಮುಚ್ಚಳ ಹಾಕಲಿ. ಇವತ್ತೇ.

ಹೇಮಾವತಿ_ತೀರ:

ಬಿಗಿಯಾಗಿಯೇ ಇದೆ. ಈಗಲೇ ಲ್ಯಾಬ್‌ಗೆ ಫೋನ್ ಮಾಡುತ್ತಿದ್ದೇನೆ.